ಫೋನಿನಲ್ಲಿ ನೋಡುವವರು ಸಾಕಷ್ಟು ಇರುವಾಗ ಸ್ವತಂತ್ರ ಕಲಾವಿದ ಪ್ರದರ್ಶನ ಏಕೆ ಮಾಡಬೇಕು?

ಪ್ರಶ್ನೆ: ಎರೆಹೊಲ

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯವನು. ಕಳೆದ ಆರು ವರ್ಷಗಳಿಂದ ಯಾವ ಗ್ಯಾಲರಿಯ ಆಸರೆಯೂ ಇಲ್ಲದೆ ಚಿತ್ರ ಬರೆಯುತ್ತಿದ್ದೇನೆ. ಎರೆಹೊಲ, ಹತ್ತಿ ಬಿಡಿಸುವ ಹೆಣ್ಣುಮಕ್ಕಳು, ಬೇಸಿಗೆಯಲ್ಲಿ ಬೋಳಾಗಿ ನಿಲ್ಲುವ ಕಪ್ಪತಗುಡ್ಡ, ಮುಂಗಾರಿಗೆ ಮೊದಲು ಎದ್ದುಬರುವ ಕೆಂಧೂಳು, ಇವೇ ನನ್ನ ವಸ್ತುಗಳು. ಹೆಚ್ಚಾಗಿ ಜಲವರ್ಣ, ಕೆಲವು ಆಕ್ರಿಲಿಕ್. ಬೆಳಗ್ಗೆ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ, ರಾತ್ರಿ ನನ್ನ ಕೆಲಸ.

ಇಲ್ಲಿಯವರೆಗೆ ನನ್ನ ಚಿತ್ರಗಳನ್ನು ಜನ ನೋಡಿರುವುದು ಇನ್‌ಸ್ಟಾಗ್ರಾಮ್‌ನಲ್ಲಿ ಮಾತ್ರ. ನೋಡುವವರು ಕಡಿಮೆಯೇನಿಲ್ಲ. ಆರು ವರ್ಷಗಳಲ್ಲಿ ಹನ್ನೊಂದು ಚಿತ್ರಗಳು ಅಲ್ಲಿಂದಲೇ ಮಾರಾಟವಾಗಿವೆ, ಆದರೆ ಅವೆಲ್ಲವೂ ಒಂದು ಹಾಳೆಯ ಅಳತೆಯ ಸಣ್ಣ ಚಿತ್ರಗಳು. ದೊಡ್ಡ ಚಿತ್ರಗಳನ್ನು ಇದುವರೆಗೆ ಯಾರೂ ಕೇಳಿಲ್ಲ. ಈಗ ಒಂದು ಪ್ರದರ್ಶನ ಮಾಡು ಎಂದು ಹಿರಿಯ ಸ್ನೇಹಿತರೊಬ್ಬರು ಒತ್ತಾಯಿಸುತ್ತಿದ್ದಾರೆ. ಬೆಂಗಳೂರಿನಲ್ಲಿ ಒಂದು ವಾರ ಗ್ಯಾಲರಿ ಬಾಡಿಗೆಗೆ ಹಿಡಿದು, ಇಪ್ಪತ್ತಾರು ಚಿತ್ರಗಳಿಗೆ ಚೌಕಟ್ಟು ಹಾಕಿಸಿ, ಸಾಗಿಸಿ, ಅಲ್ಲಿ ಉಳಿದುಕೊಳ್ಳುವ ಖರ್ಚನ್ನೆಲ್ಲ ಕೂಡಿಸಿದರೆ ಲೆಕ್ಕ 85,000 ರೂಪಾಯಿಯ ಹತ್ತಿರ ಬಂದು ನಿಲ್ಲುತ್ತದೆ. ಅದು ನನ್ನ ಮನೆಯ ಹಲವು ತಿಂಗಳ ಉಳಿತಾಯ.

ನಾನು ಕೇಳಬೇಕೆಂದಿರುವುದು ಇಷ್ಟು. ಮಾರಾಟವಾಗುತ್ತದೆಯೋ ಇಲ್ಲವೋ ಎಂಬುದನ್ನು ಯಾರೂ ಮುಂಚೆ ಹೇಳಲಾರರು, ಅದು ನನಗೂ ಗೊತ್ತು. ಮಾರಾಟವನ್ನು ಬದಿಗಿಟ್ಟರೆ, ಜನರು ಕಾಲ್ನಡಿಗೆಯಲ್ಲಿ ಬಂದು ಚಿತ್ರದ ಮುಂದೆ ನಿಲ್ಲುವ ಪ್ರದರ್ಶನದಿಂದ ಕಲಾವಿದನಿಗೆ ನಿಜವಾಗಿ ಏನು ದಕ್ಕುತ್ತದೆ? ಮಾಡಿ ನೋಡಿದವರು ದಯವಿಟ್ಟು ಬರೆಯಿರಿ.

ಉತ್ತರ: ಚಿನ್ನದ ರೇಕು, ಮೈಸೂರು

ನಾನು ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಚಿತ್ರಿಸುವವಳು. ನಿಮ್ಮ ಮಾಧ್ಯಮ ಬೇರೆಯಾದರೂ ಪ್ರಶ್ನೆ ನನ್ನದೂ ಆಗಿತ್ತು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ಶೈಲಿಯಲ್ಲಿ ಒಡವೆ, ಕಿರೀಟ, ಪ್ರಭಾವಳಿ, ಸೀರೆಯ ಅಂಚು ಇವುಗಳಿಗೆ ಗೆಸ್ಸೋ ಎಂಬ ಗಟ್ಟಿ ಲೇಪ ಹಚ್ಚಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತೇವೆ. ತಂಜಾವೂರು ಚಿತ್ರಗಳಲ್ಲಿರುವಷ್ಟು ಉಬ್ಬು ನಮ್ಮಲ್ಲಿ ಇರುವುದಿಲ್ಲ; ಬೆರಳ ತುದಿಗೆ ತಿಳಿಯುವಷ್ಟು, ಕಣ್ಣಿಗೆ ಓರೆಯಿಂದ ಕಾಣುವಷ್ಟು ಮಾತ್ರ ಎತ್ತರ. ನೋಡುವವರು ಒಂದು ಹೆಜ್ಜೆ ಎಡಕ್ಕೆ ಸರಿದರೆ ದೇವಿಯ ಓಲೆ ಬೆಳಗುತ್ತದೆ, ಬಲಕ್ಕೆ ಸರಿದರೆ ಅದು ಆರಿ ಸೊಂಟದ ಡಾಬು ಬೆಳಗುತ್ತದೆ. ಈ ಚಿತ್ರವನ್ನು ಎಷ್ಟು ಒಳ್ಳೆಯ ಕ್ಯಾಮೆರಾದಲ್ಲಿ ತೆಗೆದರೂ ಚಿನ್ನವು ಸಾಸಿವೆಯ ಹಳದಿಯಾಗಿಯೋ ಮಂಕಾದ ಕಂದಾಗಿಯೋ ಬಂದು ಕೂರುತ್ತದೆ, ಏಕೆಂದರೆ ಫೋಟೋ ತೆಗೆದವರು ನಿಂತಿದ್ದ ಒಂದು ಜಾಗ, ಒಂದು ಕ್ಷಣ, ಒಂದು ದೀಪ ಅಷ್ಟೇ ಅದರಲ್ಲಿ ಉಳಿಯುತ್ತದೆ. ನನ್ನ ಮೂರು ತಿಂಗಳ ಕೆಲಸದ ಮುಖ್ಯವಾದ ಪಾಲು ಹೀಗೆ ಪ್ರತಿ ಬಾರಿಯೂ ಕಣ್ಮರೆಯಾಗುವುದನ್ನು ನೋಡಿ ನೋಡಿ, ಕಡೆಗೆ ಮೈಸೂರಿನಲ್ಲೇ ಮೂವರು ಸೇರಿ ಒಂದು ಪ್ರದರ್ಶನ ಮಾಡಿದೆವು.

ನೀವು ಜಲವರ್ಣದವರು ಎಂದಿದ್ದೀರಿ. ನಮ್ಮ ಜಗನ್ಮೋಹನ ಅರಮನೆಯಲ್ಲಿರುವ, ದೀಪವನ್ನು ಅಂಗೈಯಿಂದ ಮರೆಮಾಡಿ ಹಿಡಿದ ಹೆಣ್ಣಿನ ಚಿತ್ರ ನಿಮಗೂ ಗೊತ್ತಿರಲೇಬೇಕು. ಎಷ್ಟೋ ಮನೆಗಳಲ್ಲಿ ಅದರ ಅಚ್ಚುಪ್ರತಿ ಇದೆ, ಕ್ಯಾಲೆಂಡರುಗಳಲ್ಲಿ ಬಂದಿದೆ, ಈಗ ವಾಟ್ಸ್‌ಆ್ಯಪ್‌ನಲ್ಲೂ ಓಡಾಡುತ್ತದೆ. ಅದು ರವಿವರ್ಮನದೆಂದು ಅನೇಕರು ತಪ್ಪು ತಿಳಿದಿರುತ್ತಾರೆ, ಬರೆದವರು ಎಸ್.ಎಲ್. ಹಲ್ದಂಕರ್. ನಾನು ಚಿಕ್ಕಂದಿನಿಂದ ಅದರ ಅಚ್ಚುಪ್ರತಿಯನ್ನು ನೋಡಿಕೊಂಡೇ ಬೆಳೆದು ಅದನ್ನು ತೈಲವರ್ಣವೆಂದೇ ನಂಬಿದ್ದೆ. ಕಲೆ ಕಲಿಯಲು ಶುರು ಮಾಡಿದ ಮೇಲೆ ಒಂದು ದಿನ ಅರಮನೆಯ ಆ ಮಬ್ಬುಗತ್ತಲೆಯ ಜಾಗದಲ್ಲಿ ನಿಂತು ನೋಡಿದಾಗ ಅದು ಜಲವರ್ಣ ಎಂಬುದು ಮನಸ್ಸಿಗೆ ಬಂತು. ಜಲವರ್ಣದಲ್ಲಿ ಅಷ್ಟು ಗಾಢವಾದ ಕತ್ತಲೆಯನ್ನು ಕೆಸರಾಗಲು ಬಿಡದೆ ಕಟ್ಟುವುದು, ಬೆರಳ ಸಂದಿನ ಕೆಂಪನ್ನು ಅದರ ನಡುವೆ ಉಳಿಸಿಕೊಳ್ಳುವುದು ಎಂಥ ಕಷ್ಟ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಅಷ್ಟು ವರ್ಷ ಅಚ್ಚಿನಲ್ಲಿ ನೋಡಿದ್ದು ನನಗೆ ಆ ಹೆಣ್ಣಿನ ಮುಖವನ್ನು ಪರಿಚಯಿಸಿತ್ತು, ಬರೆದ ಕೈಯನ್ನು ಪರಿಚಯಿಸಿರಲಿಲ್ಲ.

ನಿಮ್ಮ ಧೂಳಿನ ಚಿತ್ರಗಳಲ್ಲಿ ಬಣ್ಣ ಕಾಗದದ ಒರಟು ಮೈಯಲ್ಲಿ ಇಳಿದು ಕೂತಿರುವ ಬಗೆ ಇರುತ್ತದಲ್ಲ, ಅದನ್ನು ಆರು ವರ್ಷಗಳಲ್ಲಿ ನಿಮ್ಮ ಮನೆಯವರ ಹೊರತು ಯಾರಾದರೂ ನೋಡಿದ್ದಾರೆಯೇ ಎಂದು ಒಮ್ಮೆ ಯೋಚಿಸಿ ನೋಡಿ.

ಉತ್ತರ: ಮರದಚ್ಚು, ಬೆಂಗಳೂರು

ಮೈಸೂರಿನ ಸಹೋದರಿ ಬರೆದಿರುವುದು ನೋಡುವವರಿಗೆ ದಕ್ಕುವುದನ್ನು ಕುರಿತದ್ದು. ಪ್ರಶ್ನೆ ಕೇಳಿದವರು ಕಲಾವಿದನಿಗೆ ಏನು ದಕ್ಕುತ್ತದೆ ಎಂದೂ ಕೇಳಿದ್ದಾರೆ. ನನ್ನ ಬಳಿ ಅದಕ್ಕೆ ಒಂದು ಪ್ರಸಂಗವಿದೆ.

ನಾನು ಮರದ ಹಲಗೆ ಕೊರೆದು ಅಚ್ಚು ತೆಗೆಯುತ್ತೇನೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2004ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಿರುವ ಚಿತ್ರಸಂತೆಯಲ್ಲಿ ಹಲವು ವರ್ಷ ಕೂತಿದ್ದೇನೆ. ವರ್ಷಕ್ಕೆ ಒಂದೇ ದಿನ, ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ. ಸಾವಿರಕ್ಕೂ ಹೆಚ್ಚು ಕಲಾವಿದರು, ಲಕ್ಷಗಟ್ಟಲೆ ಜನ. ಗ್ಯಾಲರಿಯ ಬಾಗಿಲು ತಳ್ಳಿ ಒಳಗೆ ಬರಲು ಸಂಕೋಚಪಡುವ ಕುಟುಂಬಗಳು ಅಲ್ಲಿ ಮಕ್ಕಳ ಕೈಹಿಡಿದುಕೊಂಡು, ಸೌತೆಕಾಯಿ ತಿನ್ನುತ್ತಾ ಬರುತ್ತವೆ. ಒಂದು ವರ್ಷ ನಾನು ಹೊಲಿಗೆ ಯಂತ್ರದ ಮುಂದೆ ಬಾಗಿ ಕೂತ ಮುದುಕನ ಚಿತ್ರವೊಂದನ್ನು ಇಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಬ್ಬರು ಬಂದು ಅದರ ಮುಂದೆ ಬಹಳ ಹೊತ್ತು ನಿಂತರು. ಬೆಲೆ ಕೇಳಬಹುದೆಂದು ನಾನು ಕಾದೆ. ಅವರು ಬೆಲೆ ಕೇಳಲಿಲ್ಲ. ‘ದಾರ ಹೀಗೆ ಬಂದರೆ ಹೊಲಿಗೆ ಬೀಳುವುದಿಲ್ಲ’ ಎಂದರು. ತಾವು ಮೂವತ್ತು ವರ್ಷದಿಂದ ದರ್ಜಿಯೆಂದು ಹೇಳಿ, ಉಂಡೆಯಿಂದ ಬಂದ ದಾರ ಮೇಲೆ ಕೆಳಗೆ ಆಡುವ ಕೊಕ್ಕೆಯನ್ನು ಹಾದು ಸೂಜಿಗೆ ಇಳಿಯಬೇಕು, ನೀವು ಕೊಕ್ಕೆಯನ್ನೇ ಬಿಟ್ಟಿದ್ದೀರಿ ಎಂದು ಬೆರಳಿಟ್ಟು ತೋರಿಸಿದರು. ಆಮೇಲೆ, ಮುದುಕನ ಬೆನ್ನು ಮಾತ್ರ ಸರಿಯಾಗಿದೆ, ನಮ್ಮಪ್ಪನ ಬೆನ್ನು ಹಾಗೇ ಇತ್ತು ಎಂದರು.

ಮನೆಗೆ ಬಂದು ಆ ಹಲಗೆಯನ್ನು ಬದಿಗಿಟ್ಟು ಹೊಸದನ್ನು ಕೊರೆದೆ. ಆ ಚಿತ್ರವನ್ನು ಅದಕ್ಕೆ ಮೊದಲು ಫೋನಿನಲ್ಲಿ ನೋಡಿದ ನೂರಾರು ಜನರಲ್ಲಿ ದರ್ಜಿಗಳು ಇರಲಿಲ್ಲವೆಂದಲ್ಲ, ಇದ್ದಿರಬಹುದು. ಆದರೆ ಹೆಬ್ಬೆರಳಿನಿಂದ ಮೇಲೆ ತಳ್ಳುವಾಗ ಯಾರಿಗೂ ದಾರದ ದಾರಿಯನ್ನು ಹಿಂಬಾಲಿಸುವಷ್ಟು ಪುರಸೊತ್ತು ಇರುವುದಿಲ್ಲ. ಎದುರಿಗೆ ಬರೆದವನೇ ಕೂತಿರುವಾಗ, ಇಲ್ಲಿ ತಪ್ಪಾಗಿದೆ ಎಂದು ಹೇಳುವುದಕ್ಕೆ ಒಂದು ಅರ್ಥವಿರುತ್ತದೆ.

ಹೋಲಿಸಿ ನೋಡುವ ಅವಕಾಶವೂ ನಮಗೆ ಒಮ್ಮೆ ಸಿಕ್ಕಿತು. ಕೊರೊನಾ ಕಾರಣದಿಂದ 2021ರ ಚಿತ್ರಸಂತೆ ಆನ್‌ಲೈನ್‌ನಲ್ಲಿ ನಡೆಯಿತು. ಆ ಕಷ್ಟಕಾಲದಲ್ಲಿ ಪರಂಪರೆ ಕಡಿಯದಂತೆ ನಡೆಸಿದ್ದು ದೊಡ್ಡ ಕೆಲಸ, ದೂರದ ಊರಿನವರೂ ಅದನ್ನು ನೋಡುವಂತಾಯಿತು. ಆದರೆ ನನಗೆ ಬಂದ ಮಾತುಗಳು ‘ಚೆನ್ನಾಗಿದೆ’, ‘ಬೆಲೆ ಎಷ್ಟು’ ಎಂಬ ಎರಡನ್ನು ದಾಟಲಿಲ್ಲ. ಪಕ್ಕದಲ್ಲಿ ಕೂತ ಕಲಾವಿದರೂ ಇರಲಿಲ್ಲ. ಸಂತೆಯ ದಿನ ನಾನು ಅತಿ ಹೆಚ್ಚು ಕಲಿತಿರುವುದು ಅವರಿಂದಲೇ: ಯಾರು ಯಾವ ಕಾಗದ ಬಳಸುತ್ತಾರೆ, ಮಸಿಗೆ ಏನು ಬೆರೆಸುತ್ತಾರೆ, ಹಳೆಯ ಯಂತ್ರ ಎಲ್ಲಿ ಮಾರಾಟಕ್ಕಿದೆ ಎಂಬುದೆಲ್ಲ ಊಟದ ಡಬ್ಬಿ ಹಂಚಿಕೊಳ್ಳುವಾಗ ತಿಳಿದದ್ದು.

ಇನ್ನೊಂದು ಮಾತು. ಬೆಂಗಳೂರಿಗೆ ಬಂದಾಗ ಪರಿಷತ್ತಿನ ಒಳಗೆ ಕೃಷ್ಣಾರೆಡ್ಡಿ ಅವರ ಮುದ್ರಣಚಿತ್ರಗಳನ್ನು ನೋಡಿ. ಒಂದೇ ಫಲಕದಲ್ಲಿ ಬೇರೆ ಬೇರೆ ಆಳಕ್ಕೆ ಕೊರೆದು, ತೆಳುವಾದ ಮಸಿ ಮಂದವಾದ ಮಸಿಯನ್ನು ಒಲ್ಲದೆ ದೂರ ಸರಿಯುವ ಗುಣವನ್ನೇ ಬಳಸಿಕೊಂಡು ಹಲವು ಬಣ್ಣಗಳನ್ನು ಒಂದೇ ಒತ್ತಿನಲ್ಲಿ ತೆಗೆಯುವ ವಿಧಾನವನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ನಾನು ಅದನ್ನು ಓದಿ ತಿಳಿದುಕೊಂಡಿದ್ದೆ, ತಿಳಿದಿದ್ದೇನೆ ಎಂದುಕೊಂಡಿದ್ದೆ. ಕಾಗದದ ಮೇಲೆ ಎದ್ದ ಏಣುಗಳನ್ನು ಒಂದು ಮೊಳ ದೂರದಿಂದ ನೋಡಿದ ದಿನವೇ ಅದು ನನಗೆ ಅರ್ಥವಾದದ್ದು.

ಉತ್ತರ: ಭೀಮಾತೀರ, ಕಲಬುರಗಿ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೂ ನೀವು ಬರೆದಿರುವ ಯೋಜನೆಯನ್ನು, ಅಂದರೆ ಉಳಿತಾಯವನ್ನೆಲ್ಲ ಸುರಿದು ಬೆಂಗಳೂರಿನಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ ಮಾಡುವುದನ್ನು, ದಯವಿಟ್ಟು ಕೈಬಿಡಿ. ನಾನು ಅದನ್ನು ಮಾಡಿ ಎರಡು ವರ್ಷ ಸಾಲ ತೀರಿಸಿದವನು.

ಖಾಸಗಿ ಗ್ಯಾಲರಿಯೊಂದನ್ನು ಆರು ದಿನಕ್ಕೆ ಹಿಡಿದಿದ್ದೆ. ಹದಿನೆಂಟು ಚಿತ್ರಗಳು. ಉದ್ಘಾಟನೆಯ ಸಂಜೆ ನಲವತ್ತು ಜನ ಇದ್ದರು, ಅವರಲ್ಲಿ ಮೂವತ್ತು ಜನ ನನ್ನ ಪರಿಚಯದವರು. ಸೋಮವಾರದಿಂದ ಗುರುವಾರದವರೆಗೆ ಗೋಡೆಗಳ ನಡುವೆ ನಾನೊಬ್ಬನೇ ಕೂತಿದ್ದೆ. ಎರಡು ಚಿತ್ರ ಹೋದವು, ಎರಡನ್ನೂ ಕೊಂಡವರು ಸಂಬಂಧಿಕರು. ಬಾಡಿಗೆಯ ಮೇಲೆ ಮಾರಾಟದ ಪಾಲೂ ಇದೆ ಎಂಬುದು ಕೊನೆಯ ದಿನ ತಿಳಿಯಿತು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ, ಬರಹದಲ್ಲಿ ಏನೂ ಇರಲಿಲ್ಲ. ಆದ್ದರಿಂದ ಎಲ್ಲಿಯೇ ಮಾಡಿ, ಬಾಡಿಗೆ ಎಷ್ಟು, ಮಾರಾಟದಲ್ಲಿ ಪಾಲು ಎಷ್ಟು, ಆಹ್ವಾನಪತ್ರಿಕೆ ಯಾರದು, ಚಿತ್ರಕ್ಕೆ ಹಾನಿಯಾದರೆ ಹೊಣೆ ಯಾರದು, ಮಾರಾಟದ ಹಣ ಎಷ್ಟು ದಿನದೊಳಗೆ ಕೈಸೇರುತ್ತದೆ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ.

ತಪ್ಪು ನನ್ನದೂ ಇತ್ತು. ನನ್ನ ಚಿತ್ರಗಳು ಬಿಸಿಲುನಾಡಿನವು, ಅವುಗಳನ್ನು ನೋಡಿದ ಕೂಡಲೇ ಗುರುತಿಸುವ ಜನರು ಇದ್ದದ್ದು ನನ್ನ ಊರಿನಲ್ಲಿ. ಅವರಿಗೆ ತೋರಿಸದೆ ಆರುನೂರು ಕಿಲೋಮೀಟರು ದೂರ ಹೊತ್ತುಕೊಂಡು ಹೋದೆ. ಮರುವರ್ಷ ಐವರು ಸೇರಿ ಇಲ್ಲಿಯೇ ಒಂದು ಕಾಲೇಜಿನ ಸಭಾಂಗಣದಲ್ಲಿ ಗುಂಪು ಪ್ರದರ್ಶನ ಮಾಡಿದೆವು. ಖರ್ಚು ತಲೆಗೆ ಆರು ಸಾವಿರವೂ ಆಗಲಿಲ್ಲ. ಮೂರು ದಿನ ಶಾಲೆಯ ಮಕ್ಕಳು, ರೈತರು, ವಕೀಲರು, ಆಸ್ಪತ್ರೆಗೆಂದು ಊರಿಗೆ ಬಂದು ಬಸ್ಸಿಗೆ ಕಾಯುವವರು ಎಲ್ಲರೂ ಬಂದರು.

ಈ ಸಂದರ್ಭದಲ್ಲಿ ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವೆಂಕಟಪ್ಪ ಕಲಾಗ್ಯಾಲರಿಯ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ಒಪ್ಪಿಸುವ ಮಾತು ಬಂದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದು ವಿರೋಧಿಸಿದರು. ಹೊರಗಿನವರಿಗೆ ಅದು ಒಂದು ಕಟ್ಟಡದ ಜಗಳವಾಗಿ ಕಂಡಿರಬಹುದು. ಆದರೆ ಕೈಯಲ್ಲಿ ಹಣವಿಲ್ಲದ ಕಲಾವಿದನಿಗೆ ಕಡಿಮೆ ಬಾಡಿಗೆಯ ಸಾರ್ವಜನಿಕ ಗೋಡೆಯೊಂದು ಇರುವುದೆಂದರೆ, ಯಾರ ಒಪ್ಪಿಗೆಗೂ ಕಾಯದೆ ತನ್ನ ಕೆಲಸವನ್ನು ಜನರ ಮುಂದಿಡುವ ಹಕ್ಕು ಇರುವುದೆಂದೇ ಅರ್ಥ. ಅಂಥ ಗೋಡೆಗಳು ಜಿಲ್ಲೆಗೊಂದಾದರೂ ಸುಸ್ಥಿತಿಯಲ್ಲಿ ಇರಬೇಕು. ನನ್ನ ಮಟ್ಟಿಗೆ ಇದು ಬೆಂಗಳೂರಿನ ಎಲ್ಲ ಗ್ಯಾಲರಿಗಳಿಗಿಂತ ದೊಡ್ಡ ವಿಷಯ.

ಉತ್ತರ: ತುಂಗೆಯ ದಡ, ಶಿವಮೊಗ್ಗ

ನಾನು ಕಲಾವಿದೆಯಲ್ಲ, ನಿವೃತ್ತ ಶಿಕ್ಷಕಿ. ಕೊಳ್ಳುವವರ ಕಡೆಯಿಂದ ಒಬ್ಬರಾದರೂ ಬರೆಯಬೇಕೆನ್ನಿಸಿತು.

ನಮ್ಮ ಮನೆಯ ಹಜಾರದಲ್ಲಿ ನಾಲ್ಕು ಅಡಿ ಅಗಲದ ಒಂದು ಆಕ್ರಿಲಿಕ್ ಚಿತ್ರವಿದೆ. ಬೇಸಿಗೆಯಲ್ಲಿ ಬತ್ತಿದ ತುಂಗೆ, ಬಂಡೆಗಳ ನಡುವೆ ಉಳಿದ ಮಡುವಿನಲ್ಲಿ ಬಟ್ಟೆ ಒಗೆಯುವ ಇಬ್ಬರು. ಆ ಚಿತ್ರವನ್ನು ನಾನು ಮೊದಲು ನೋಡಿದ್ದು ಫೋನಿನಲ್ಲಿ, ನೋಡಿ ಮುಂದಕ್ಕೆ ಹೋಗಿದ್ದೆ. ಅಂಗೈಯಷ್ಟು ಪರದೆಯಲ್ಲಿ ಅದು ಬೂದುಬಣ್ಣದ ಒಂದು ಪಟ್ಟಿಯಂತೆ ಕಂಡಿತ್ತು. ಕೆಲವು ತಿಂಗಳ ನಂತರ ನಮ್ಮೂರಿನ ಗುಂಪು ಪ್ರದರ್ಶನವೊಂದರಲ್ಲಿ ಅದೇ ಚಿತ್ರದ ಎದುರು ನಿಂತಾಗ, ಬಂಡೆಗಳು ನನ್ನ ಮೊಣಕಾಲಿನ ಎತ್ತರಕ್ಕೆ ಇದ್ದಂತೆ ತೋರಿತು. ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಆ ಬಂಡೆಗಳ ಮೇಲೆ ಬರಿಗಾಲಲ್ಲಿ ಹಾರಿಕೊಂಡು ಹೋಗುತ್ತಿದ್ದ ಬಿಸಿ ಅಂಗಾಲಿಗೆ ಬಂತು. ಕಲಾವಿದರು ಅಲ್ಲೇ ಇದ್ದರು. ಯಾವ ಜಾಗ, ಯಾವ ತಿಂಗಳು ಎಂದು ಕೇಳಿದೆ. ಅವರು ಹೇಳಿದ ಜಾಗ ನನ್ನ ಅಜ್ಜಿಯ ಮನೆಗೆ ಅರ್ಧ ಮೈಲಿ ದೂರ.

ಬೆಲೆ ನನ್ನ ಒಂದು ತಿಂಗಳ ಪಿಂಚಣಿಗಿಂತ ಹೆಚ್ಚಾಗಿತ್ತು. ಮೂರು ಕಂತಿನಲ್ಲಿ ಕೊಡಬಹುದೇ ಎಂದು ಕೇಳಲು ನಾಚಿಕೆಯಾಯಿತು, ಆದರೂ ಎದುರಿಗೆ ಇದ್ದ ಕಾರಣ ಕೇಳಿದೆ. ಅವರು ಸಂತೋಷದಿಂದ ಒಪ್ಪಿದರು. ಮೊದಲ ಮಳೆಗಾಲದಲ್ಲಿ ಗೋಡೆಗೆ ತೇವ ಹಿಡಿದಾಗ ಅವರಿಗೇ ಫೋನು ಮಾಡಿದೆ. ಚಿತ್ರದ ಹಿಂದೆ ಗಾಳಿ ಆಡುವಂತೆ ನಾಲ್ಕು ಮೂಲೆಗೆ ಬಿರಡೆಯ ಚೂರು ಅಂಟಿಸಲು ಹೇಳಿದರು. ಇಂದಿಗೂ ಒಂದು ಬೂಷ್ಟಿನ ಚುಕ್ಕೆ ಬಂದಿಲ್ಲ. ನಿಮ್ಮ ದೊಡ್ಡ ಚಿತ್ರಗಳನ್ನು ಯಾರೂ ಕೇಳಿಲ್ಲ ಎಂದು ಬರೆದಿದ್ದೀರಿ. ಅವು ದೊಡ್ಡವು ಎಂಬುದು ಇದುವರೆಗೆ ಯಾರ ಅನುಭವಕ್ಕೂ ಬಂದಿರಲಾರದು.

ಎರೆಹೊಲ (ಪ್ರಶ್ನೆ ಕೇಳಿದವರು)

ಇಷ್ಟು ಮನಸ್ಸಿಟ್ಟು ಬರೆದ ಎಲ್ಲರಿಗೂ ನಾನು ಋಣಿ. ಕಲಬುರಗಿಯ ಹಿರಿಯರ ಮಾತಿನಂತೆ ಬೆಂಗಳೂರಿನ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ನಮ್ಮ ಊರಿನಲ್ಲೇ ಒಂದು ಕಾಲೇಜಿನವರು ಮೂರು ದಿನ ಸಭಾಂಗಣ ಕೊಡಲು ಒಪ್ಪಿದ್ದಾರೆ. ಇಪ್ಪತ್ತಾರರ ಬದಲು ಹನ್ನೆರಡು ಚಿತ್ರ, ಜೊತೆಗೆ ಇಬ್ಬರು ಸ್ನೇಹಿತರ ಕೆಲಸ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಬೆಳಕು ಒಂದೇ ಕಡೆಯ ಕಿಟಕಿಯಿಂದ ಬರುತ್ತದೆ. ಇದಕ್ಕೆ ಏನು ಮಾಡಬಹುದು?

ಮರದಚ್ಚು, ಬೆಂಗಳೂರು

ಬಿದಿರಿನ ಗಳಗಳನ್ನು ಅಡ್ಡಕ್ಕೆ ಕಟ್ಟಿಸಿ, ಅದರಿಂದ ನೈಲಾನ್ ದಾರದಲ್ಲಿ ಇಳಿಬಿಡಿ. ಪ್ರತಿ ಚಿತ್ರದ ನಡುಭಾಗ ನೆಲದಿಂದ ಸುಮಾರು ಐದು ಅಡಿ ಎತ್ತರದಲ್ಲಿರಲಿ. ಶಾಲಾಮಕ್ಕಳು ಹೆಚ್ಚು ಬರುವುದಾದರೆ ಅರ್ಧ ಅಡಿ ಇಳಿಸಿ. ಗಾಜಿನ ಚೌಕಟ್ಟುಗಳನ್ನು ಕಿಟಕಿಯ ಎದುರು ಗೋಡೆಗೆ ಹಾಕಬೇಡಿ, ನೋಡುವವರಿಗೆ ಚಿತ್ರದ ಬದಲು ಕಿಟಕಿಯೇ ಕಾಣುತ್ತದೆ. ಅಲ್ಲಿಗೆ ಆಕ್ರಿಲಿಕ್ ಚಿತ್ರಗಳನ್ನು ಹಾಕಿ, ಜಲವರ್ಣಗಳನ್ನು ನೇರ ಬಿಸಿಲು ತಾಗದ ಪಕ್ಕದ ಗೋಡೆಗಳಿಗೆ ಹಾಕಿ. ಚಿತ್ರದ ಹೆಸರು, ಮಾಧ್ಯಮ, ಅಳತೆ, ಬೆಲೆ ಎಲ್ಲವನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಬೆಲೆ ಬರೆಯದಿದ್ದರೆ ನಮ್ಮ ಜನ ಕೇಳಲು ಹಿಂಜರಿದು ಹೊರಟುಹೋಗುತ್ತಾರೆ. ಬಂದವರು ಬರೆಯಲು ಒಂದು ಪುಸ್ತಕ ಇಡಿ, ಫೋನ್ ನಂಬರಿಗೂ ಜಾಗ ಬಿಡಿ. ಮೂರು ದಿನವೂ ನೀವೇ ಅಲ್ಲಿರಿ, ಆದರೆ ಯಾರ ಬೆನ್ನಹಿಂದೆಯೂ ನಿಲ್ಲಬೇಡಿ.

ಎರೆಹೊಲ (ಪ್ರಶ್ನೆ ಕೇಳಿದವರು)

ಹಾಗೆಯೇ ಮಾಡುತ್ತೇನೆ. ನಿನ್ನೆ ರಾತ್ರಿ ಅಲಮಾರಿನ ಹಿಂದೆ ಗೋಡೆಗೆ ಮುಖಮಾಡಿ ಇಟ್ಟಿದ್ದ ಐದು ಅಡಿಯ ಧೂಳುಗಾಳಿಯ ಚಿತ್ರವನ್ನು ಹೊರತೆಗೆದು ಒರೆಸಿದೆ. ಹತ್ತಿ ಬಿಡಿಸಲು ಹೋಗುವ ನಮ್ಮ ಓಣಿಯ ಹೆಣ್ಣುಮಕ್ಕಳನ್ನು ಮೊದಲ ದಿನವೇ ಕರೆದುಕೊಂಡು ಬರಬೇಕೆಂದಿದ್ದೇನೆ. ಆ ಚಿತ್ರದಲ್ಲಿ ಅವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿರುವುದು ಎಡಗೈಯಲ್ಲಿ. ಅದು ಸರಿಯೋ ತಪ್ಪೋ ಅವರೇ ಹೇಳಲಿ.